ಉಪ್ಪಿನ ಪರೀಕ್ಷೆ

ದಾವಣಗೆರೆಗೆ ಸಮುದ್ರ
ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬರುತ್ತದೆ,
ಬೆಳಗಿನ ಜಾವ ನಾಲ್ಕೂವರೆಗೆ,
ಕಾರವಾರದ ನಂಬರಿನ ಲಾರಿಯಿಂದ ತೊಟ್ಟಿಕ್ಕುತ್ತ.
ರಸ್ತೆಯುದ್ದಕ್ಕೂ ಒಂದು ಒದ್ದೆ ಗೆರೆ.
ಬಿಸಿಲೇರುವಷ್ಟರಲ್ಲಿ ಅದು ಆರಿ ಬೆಳ್ಳಗಾಗುತ್ತದೆ.
ನಾಯಿಗಳು ಅದನ್ನು ನೆಕ್ಕುವುದನ್ನು
ಡ್ಯೂಟಿಗೆ ಹೋಗುವಾಗ ನೋಡಿದ್ದೇನೆ.

ಗುತ್ತ್ಯಪ್ಪ ಮೀನು ಕೊಯ್ಯುವವ.
ಅವನಪ್ಪ ಹರಿಹರದ ಹೊಳೆಯಲ್ಲಿ ಹರಿಗೋಲು ಹಾಕಿದವ.
ಬಾಳೆಮೀನು, ಕೊರಮೀನು, ಹಾವುಮೀನು,
ಹೊಳೆಯದ್ದಾದರೆ ಕತ್ತಲಲ್ಲೂ ಮುಟ್ಟಿ ಹೆಸರು ಹೇಳುತ್ತಾನೆ.
ಇದು ಹೆಸರು ಗೊತ್ತಿಲ್ಲದ್ದು.
ಬೆನ್ನಿನ ಮುಳ್ಳು ಹೆಬ್ಬೆರಳಿಗೆ ಇಳಿಯಿತು.
"ಬರೇ ಮುಳ್ರೀ" ಅಂದನಂತೆ. ಅರಿಶಿನ ಮೆತ್ತಿ
ಮತ್ತೆ ಹದಿನೆಂಟು ಕೇಜಿ ಕೊಯ್ದನಂತೆ.

ಮರುದಿನ ರಾತ್ರಿ ಅವನ ಕೈ
ನನ್ನ ಲ್ಯಾಬಿಗೆ ಬಂತು. ಕೈಯಲ್ಲ,
ಕೈಯ ಗುಳ್ಳೆಯಿಂದ ಎಳೆದ ಎರಡು ಹನಿ,
ನೇರಳೆ ಹಣ್ಣು ಹಿಚುಕಿದ ಬಣ್ಣ.
ಗಾಜಿಗೆ ಸವರಿ, ಬಣ್ಣ ಹಾಕಿ, ತೊಳೆದು,
ಕಣ್ಣಿಟ್ಟೆ.
ಗುಲಾಬಿ ಗೀಟುಗಳು. ಒಂದಿಷ್ಟು ಬಾಗಿದವು,
ಅವಸರದಲ್ಲಿ ಎಳೆದ ಅಲ್ಪವಿರಾಮಗಳು.

ಹನ್ನೊಂದು ವರ್ಷದಲ್ಲಿ ಇದನ್ನು ಇಲ್ಲಿ ಕಂಡವಳಲ್ಲ.
ವಾರ್ಡಿಗೆ ಫೋನು ಮಾಡಿದೆ. ಪುಸ್ತಕ ತೆರೆದೆ.
ಅದರ ಊರು ಅಳಿವೆ:
ಹೊಳೆ ಕಡಲಿಗೆ ಬಾಯಿ ತೆರೆಯುವ ಜಾಗ,
ಬೆಚ್ಚಗಿನ, ಅರೆ ಉಪ್ಪಿನ ನೀರು.
ಅಳಿವೆ.
ಈ ಪದದೊಳಗೆ ಅಳಿವು ಕೂತಿರುವುದು
ಇಷ್ಟು ದಿನ ಕಿವಿಗೆ ಬಿದ್ದಿರಲಿಲ್ಲ.

ನಾಲ್ಕು ನಳಿಗೆ ಜೋಡಿಸಿದೆ.
ಉಪ್ಪಿಲ್ಲದ್ದು. ಮೂರು ಪರ್ಸೆಂಟು. ಆರು. ಎಂಟು.
ತೂಗುವಾಗ ಅಮ್ಮಿಯ ನೆನಪು.
ನಾನು ಮಂಡಕ್ಕಿ ಭಟ್ಟಿ ಮನೆಯವಳು,
ಹೊಗೆಯಲ್ಲಿ ಕೆಮ್ಮುತ್ತ ಪೀರಿಯಾಡಿಕ್ ಟೇಬಲ್ ಬಾಯಿಪಾಠ ಮಾಡಿದವಳು.
ಅಕ್ಕಿಗೆ ಎಷ್ಟು ಉಪ್ಪುನೀರು ಎಂದು
ಅಮ್ಮಿ ತಕ್ಕಡಿಯನ್ನು ಕೇಳಿದವಳಲ್ಲ.
ಬೆರಳದ್ದಿ ನಾಲಗೆಗಿಟ್ಟು, ಕಣ್ಣು ಮುಚ್ಚಿ,
"ಹೋರ್ ಏಕ್ ಮುಠ್ಠಿ" ಅಂದರೆ
ಇನ್ನೊಂದು ಹಿಡಿ ಬೀಳುತ್ತಿತ್ತು, ಅಷ್ಟೇ.

ಬೆಳಿಗ್ಗೆ
ಉಪ್ಪಿಲ್ಲದ ನಳಿಗೆ ಬಾವಿನೀರಿನಷ್ಟು ತಿಳಿ.
ಮೂರರಲ್ಲಿ ಗಂಜಿಯ ಮಬ್ಬು. ಆರರಲ್ಲಿ ತುಸುವೇ.
ಎಂಟನ್ನು ಒಲ್ಲೆ ಎಂದಿತ್ತು.
ಅಂದರೆ ಇದಕ್ಕೂ ಒಂದು ನಾಲಗೆ.

ರಿಪೋರ್ಟು ಹಿಡಿದು ನಾನೇ ಮೇಲೆ ಹೋದೆ.
ಮದ್ದು ರಾತ್ರಿಯೇ ಬದಲಿಸಿದ್ದರು.
ಅವನ ಲಿವರ್ ಮೊದಲೇ ಸೋತದ್ದು;
ಹೆಬ್ಬೆರಳು, ಅದರ ಪಕ್ಕದ್ದು, ಎರಡೂ ಹೋಗಿದ್ದವು.
ಮಂಚದ ಮೇಲೆ ತೂಗುವ ಸಲೈನ್ ಬಾಟಲಿಯಲ್ಲಿ
ಸೊನ್ನೆ ಬಿಂದು ಒಂಬತ್ತು ಎಂದು ಬರೆದಿತ್ತು.
ನೂರು ಪಾಲಿಗೆ ಒಂದಕ್ಕಿಂತ ಚೂರು ಕಮ್ಮಿ ಉಪ್ಪು,
ನಮ್ಮೆಲ್ಲರ ನೆತ್ತರಿನ ಹದ.
ಅರೆ ಉಪ್ಪು. ಬೆಚ್ಚಗೆ.
ಪುಸ್ತಕ ಹೇಳಿದ ಊರು
ಕಂಬಳಿ ಹೊದ್ದು ನನ್ನ ಮುಂದೆ ಮಲಗಿತ್ತು.

ಹದಿನೇಳನೇ ದಿನ ಲ್ಯಾಬಿನ ಕಿಟಕಿಗೆ ಬಂದ,
ಸುತ್ತಿದ ಕೈಯನ್ನು ಕೂಸಿನಂತೆ ಎತ್ತಿಕೊಂಡು.
"ಏನಿತ್ರೀ ಮೇಡಂ ಅದು?"
ಲ್ಯಾಟಿನ್ ಹೆಸರು ಹಲ್ಲಿನ ತನಕ ಬಂದು ನಿಂತಿತು.
"ಸಮುದ್ರದ್ದು" ಎಂದೆ.
"ನಾ ಸಮುದ್ರ ನೋಡೇ ಇಲ್ರೀ."
ಹಿಂದೆ ನಿಂತಿದ್ದ ಹೆಂಡತಿ ಸೆರಗು ಸರಿಮಾಡಿಕೊಂಡಳು:
"ಗೋಕರ್ಣಕ್ಕೆ ಹೋಗಾಣಂತ ಕೂಡಿಟ್ಟಿದ್ವಿ.
ಎಲ್ಲಾ ಇಲ್ಲೇ ಖರ್ಚಾತು."

ಅವನ ತಟ್ಟೆ, ನಳಿಗೆಗಳನ್ನು ಹಬೆಯಲ್ಲಿ ಬೇಯಿಸಿ
ಹಳದಿ ಚೀಲಕ್ಕೆ ಹಾಕಿ ವಾರಗಳಾಗಿದ್ದವು.
ತೋರಿಸಲು ಏನೂ ಉಳಿದಿರಲಿಲ್ಲ.

ಸಂಜೆ ಭಟ್ಟಿಯ ಮುಂದೆ
ಅಮ್ಮಿ ಬಕೆಟ್ಟಿಗೆ ಬೆರಳದ್ದಿ ನನ್ನತ್ತ ಚಾಚಿದಳು.
ಈಚೆಗೆ ಅವಳ ನಾಲಗೆಗೆ ರುಚಿ ಹತ್ತುವುದಿಲ್ಲ.
ಅವಳ ಬೆರಳ ತುದಿಯಲ್ಲೊಂದು ಬಿರುಕು.
ಅದನ್ನು ನೋಡುತ್ತ ನಿಂತೆ, ತುಸು ಹೆಚ್ಚೇ ಹೊತ್ತು.
ನೆಕ್ಕಿದೆ.
ಬಾಯಿಗೆ ಮೊದಲು ಬಂದದ್ದು ಪರ್ಸೆಂಟು.
"ಸರಿ ಇದೆ" ಎಂದೆ.