ಯಾರ ಎಂಟು ಗಂಟೆ

ನಾಪೋಕ್ಲು ಜೇನು ಸಂಘದ ಮಹಡಿಯಲ್ಲಿ
ಮೇಲ್ ಸರ್ವರ್ ಒಂದಿದೆ, ಅಕ್ಕಿ ಪೆಟ್ಟಿಗೆಯಷ್ಟು ದೊಡ್ಡದು.
ಅದರ ಬಿಸಿಗೆ ಬೆಕ್ಕು ಮಲಗುತ್ತದೆ.
ನೋಡಿಕೊಳ್ಳುವವಳು ನಾನು, ಜುಬೇದಾ.
ಬೆಳಿಗ್ಗೆ ಜೇನಿನ ತೂಕ, ಊಟವಾದ ಮೇಲೆ ಇದು.

ಸೋಮವಾರ ಹೊಸ ಡಬ್ಬಿ ತಂದು ಕೂರಿಸಿದೆವು.
ಅಂದಿನಿಂದ ಕಳಿಸಿದ ಪತ್ರ ಕಳಿಸಿದವರಿಗೇ ವಾಪಸ್ಸು:
ಬಹಳ ಹೊತ್ತು ಕಾಯಿತು, ತಲುಪಲಿಲ್ಲ.
ಕಾದದ್ದು ಒಂದು ನಿಮಿಷ.
ಆದರೆ ಸರದಿ ತೋರಿಸುವ ಪರದೆಯಲ್ಲಿ
ಪ್ರತಿಯೊಂದಕ್ಕೂ ಹುಟ್ಟುವಾಗಲೇ
ಐದೂವರೆ ಗಂಟೆ ವಯಸ್ಸು.

ನಾಲ್ಕು ಗಂಟೆ ದಾಟಿದ್ದನ್ನು ಹೊರಗೆ ಹಾಕು:
ಆಟಿಯ ಗಾಳಿಗೆ ಲೈನು ಸತ್ತು ಸತ್ತು ಬರುತ್ತಿದ್ದಾಗ
ನಾನೇ ಬರೆದಿಟ್ಟ ಕಟ್ಟಳೆ.
ಅದು ತನ್ನ ಕೆಲಸ ಮಾಡುತ್ತಿತ್ತು, ಪಾಪ.

ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದೆ, ಈಗ ಎಷ್ಟು ಗಂಟೆ?
ಯಂತ್ರ ಹೇಳಿತು, ನಾಲ್ಕು ಹನ್ನೆರಡು.
ಲಾಗ್ ಹೇಳಿತು, ನಾಲ್ಕು ಹನ್ನೆರಡು.
ಕೆಳಗಿನ ಗೋಡೆ ಗಡಿಯಾರ, ನಾಲ್ಕು ಹತ್ತೊಂಬತ್ತು.
ಬಸ್ಸು ತಪ್ಪಬಾರದೆಂದು ಮುಂದಿಟ್ಟದ್ದು, ಎಲ್ಲರಿಗೂ ಗೊತ್ತು.
ಸರದಿಯ ಟೂಲು ಮಾತ್ರ ತಣ್ಣಗೆ
ಹತ್ತು ನಲವತ್ತೆರಡು.

ಪೂರ್ತಿ ಗಂಟೆಗಳಷ್ಟೇ ಕಡಿಮೆಯಿದ್ದರೆ
ಬ್ಯಾಟರಿಯನ್ನು ಬೈದು ಸುಮ್ಮನಾಗುತ್ತಿದ್ದೆ.
ಬಾಲದಲ್ಲಿ ಆ ಅರ್ಧ ಗಂಟೆ ಇತ್ತಲ್ಲ,
ಅದಕ್ಕೆ ಊರಿನ ವಾಸನೆ.
ಅದು ಹೇಳಿದ್ದು ಗ್ರೀನ್‌ವಿಚ್ಚಿನ ಬೆಳಗು,
ನಾನು ಓದಿದ್ದು ನಾಪೋಕ್ಲಿನದೆಂದು.
ಸುಳ್ಳು ಯಾರೂ ಹೇಳಲಿಲ್ಲ.
ಒಬ್ಬ ಊರ ಹೆಸರು ಬಿಟ್ಟು ಗಂಟೆ ಹೇಳಿದ,
ಒಬ್ಬಳು ಕೇಳದೆ ನಂಬಿದಳು.

ನಾಚಿಕೆಯಾಯಿತು, ಯಾಕೆಂದರೆ
ನಮ್ಮ ಓಣಿಯಲ್ಲೇ ಎರಡು ಚಂದ್ರ.
ಉಮ್ಮ ಕೇರಳದ ಖಾಜಿಯ ಮಾತಿಗೆ ಪೆರ್ನಾಳ್ ಮಾಡಿದ ದಿನ
ಎದುರು ಮನೆ ಶಮೀಮಕ್ಕನಿಗೆ
ಬೆಂಗಳೂರಿನ ಚಂದ್ರ ಬಾಕಿ, ಇನ್ನೊಂದು ಉಪವಾಸ.
ನಮ್ಮ ನೈಚೋರು ಅವರ ಇಫ್ತಾರಿಗೆ ಹೋಗುತ್ತದೆ.
ತಟ್ಟೆ ಹಿಡಿದು ಬೇಲಿ ದಾಟುವ ಮೊದಲು
ಕೇಳಬೇಕು, ನಿಮಗೆ ಇವತ್ತು ಯಾವ ದಿನ?
ಏಳು ವರ್ಷಕ್ಕೇ ಕಲಿತದ್ದು.

ಸರದಿಯನ್ನು ಪೂರಾ ತಡೆಹಿಡಿದೆ.
ಒಳಗೆ ಗ್ರೀನ್‌ವಿಚ್ಚೇ ಇರಲಿ, ತೋರಿಸುವಾಗ
ಪಕ್ಕದಲ್ಲೇ ಐದೂವರೆ ಎಂದು ಬರೆ,
ವಯಸ್ಸನ್ನು ಗಡಿಯಾರದ ಮುಖ ನೋಡಿ ಹೇಳಬೇಡ,
ಸೆಕೆಂಡು ಎಣಿಸು ಅಂದೆ.
ಮೂರು ಸಾಲು ತಿದ್ದಲು ಮೂರು ದಿನ.

ಬಿಡುವ ಮೊದಲು ಮೇಲಿನ ಪತ್ರ ಕಣ್ಣಿಗೆ ಬಿತ್ತು.
ಕಾರ್ಯದರ್ಶಿ ಪೆಮ್ಮಯ್ಯನವರದು, ಮುನ್ನೂರ ಹನ್ನೆರಡು ಮನೆಗೆ:
ಇಂದು ಪುತ್ತರಿ. ನೆರೆ ಕಟ್ಟುವುದು ೭.೧೦.
ಕದಿರು ತೆಗೆಯುವುದು ೮.೧೦. ಶುಭಾಶಯ.

ಕೆಳಗಿಳಿದೆ. ಸರ್, ಇದು ಯಾರ ಎಂಟು ಹತ್ತು?
ಪಾಡಿ ದೇವಸ್ಥಾನದ್ದು. ನಾಡಿಗೆ ಎಂಟು ನಲವತ್ತು.
ಹಾಗಂತ ಬರೆದಿಲ್ಲ.
ಎಲ್ಲರಿಗೂ ಗೊತ್ತಿರುತ್ತೆ ಬಿಡಮ್ಮ.
ಆ ಡಬ್ಬಿಯೂ ಹಾಗೇ ಅಂದುಕೊಂಡಿತ್ತು, ಸರ್.

ಮತ್ತೆ ಅದೇ ಅರ್ಧ ಗಂಟೆ,
ದೇವರಿಗೂ ನಮಗೂ ನಡುವೆ ಈ ಸಲ.
ಪತ್ರ ಹೋಗಿದ್ದರೆ ದೇವರ ಗದ್ದೆಗೂ ನಮ್ಮ ಗದ್ದೆಗೂ
ಒಂದೇ ಹೊತ್ತಿಗೆ ಕತ್ತಿ ಬೀಳುತ್ತಿತ್ತು.
ಅವರು ಕನ್ನಡಕ ಏರಿಸಿ ನಿಧಾನವಾಗಿ ಟೈಪು ಮಾಡಿದರು:
ದೇವಸ್ಥಾನಕ್ಕೆ. ನಾಡಿಗೆ.
ಎದ್ದು, ಗೋಡೆಯ ಕಡೆ ತಲೆಯೆತ್ತಿ
ಕೈಗಡಿಯಾರದ ಮುಳ್ಳು ತಿರುಗಿಸಿಕೊಂಡು
ಕುಪ್ಯ ಇಸ್ತ್ರಿಯಾಗಿಲ್ಲ ಎಂದು ಹೊರಟರು.

ಸರದಿ ಖಾಲಿ. ಬೆಕ್ಕನ್ನು ಎಬ್ಬಿಸಿ ಬೀಗ ಹಾಕಿದೆ.

ರಾತ್ರಿ ಜಗಲಿಯಲ್ಲಿ ಕೂತು ಕಿವಿಗೊಟ್ಟೆ.
ಎಂಟು ಹತ್ತಕ್ಕೆ ಕಕ್ಕಬ್ಬೆ ಬೆಟ್ಟದ ಕಡೆಯಿಂದ
ಏನೋ ಗುಡುಗಿದ ಹಾಗೆ, ಇರಬಹುದು.
ಎಂಟು ನಲವತ್ತಕ್ಕೆ ಗದ್ದೆ ಗದ್ದೆಗೂ ಕೋವಿ,
ಪೊಲಿ ಪೊಲಿ ದೇವಾ ಎಂಬ ಕೂಗು,
ಬೆಳ್ದಿಂಗಳಲ್ಲಿ ಹೊಗೆ.

ಅದಕ್ಕೂ ಮೊದಲು,
ಎಂಟು ಮೂವತ್ತಮೂರಕ್ಕೆ,
ಪೆಮ್ಮಯ್ಯನವರ ಮನೆಯ ದಿಕ್ಕಿನಿಂದ
ಒಂದೇ ಒಂದು.