ಐಸಿನ ಬೆನ್ನು

ನಸುಕು ನಾಲ್ಕೂಕಾಲು, ಮಂಡ್ಲಿಯ ಐಸ್ ಕಾರ್ಖಾನೆ.
ಮೂವತ್ತೆಂಟನೇ ದಿಮ್ಮಿ ಹಲಗೆಯ ಮೇಲೆ ಜಾರಿತು,
ನಾನು ಗೀಟೆಳೆದೆ.
ಎಷ್ಟು ಕಟ್ಟಿತು, ಎಷ್ಟು ಹೋಯಿತು, ಇಷ್ಟೇ ನನ್ನ ಲೆಕ್ಕ.
ಕರಗಿದ್ದಕ್ಕೆ ನಮ್ಮ ಪುಸ್ತಕದಲ್ಲಿ ಕಾಲಮ್ಮಿಲ್ಲ.

ಹುಲಿಕಲ್ ಘಾಟಿ ಹತ್ತಿ ಬಂದಿದೆ ಗಂಗೊಳ್ಳಿಯ ಲಾರಿ,
ಅರ್ಧ ಖಾಲಿ.
"ಬೂತಾಯಿ ಇಲ್ಲ," ಅಂದಳು ರಹಮತ್‌ಬಿ,
ಕ್ರೇಟಿನ ತಳದವರೆಗೆ ಕೈಯಾಡಿಸಿ. "ಮೂರು ವಾರ ಆಯ್ತು.
ಕಡಲು ಬೆಚ್ಚಗಾಗಿದೆಯಂತೆ.
ಆದ್ರೆ ಮೀನಿಗೇನು? ಸ್ವೆಟರ್ ಬಿಚ್ಚಿಟ್ಟರಾಯ್ತಪ್ಪ!"

ತೀರ್ಥೇಶ ನಗಲಿಲ್ಲ.
ನಮ್ಮ ಕಂಪ್ರೆಸರಿನ ಮೆಕ್ಯಾನಿಕ್ಕು,
ಹದಿನಾಲ್ಕು ತಿಂಗಳು ದಕ್ಷಿಣ ಧ್ರುವದ ಠಾಣೆಯಲ್ಲಿ
ಜನರೇಟರ್ ಕಾದು ಬಂದವ.
ಐಸು ಮಾಡುವವನನ್ನು
ಐಸಿನ ಸೀಮೆಗೆ ಕಳಿಸಿದ್ದರು,
ಶಾಖ ಮಾಡಲು.

ಬಂದ ಮೇಲೆ ಮಾತು ಕಡಿಮೆ. ಒಂದು ಹೊಸ ಚಾಳಿ:
ಪಾಳಿ ಮುಗಿದರೆ ಹಿಂಗೋಡೆಗೆ ಹೋಗಿ
ಪೈಪಿನ ಮೇಲೆ ಅಂಗೈಯಿಟ್ಟು ನಿಲ್ಲುತ್ತಾನೆ.
ಇವತ್ತು ಕರೆದ, "ಮುಟ್ಟಿ ನೋಡಿ, ರಹಮತಕ್ಕ."
"ಅಯ್ಯಮ್ಮಾ, ಸುಡುತ್ತೆ!"

"ಇದು ಆ ದಿಮ್ಮಿಗಳ ಸೆಕೆ.
ಒಳಗೆ ಕಟ್ಟಬೇಕಾದರೆ ಹೊರಗೆಲ್ಲೋ ಬಿಡಲೇಬೇಕು.
ಭೂಮಿಗೂ ಪೈಪಿದೆ, ಕಾಣಲ್ಲ.
ನಡುಪಟ್ಟಿಯ ಕಡಲು ಕಾದ ವರ್ಷ
ಗಾಳಿ ಆ ಚಾಡಿ ಹೊತ್ತು ದಕ್ಷಿಣಕ್ಕೆ ಬರುತ್ತೆ,
ಒಂದು ಮಗ್ಗುಲಲ್ಲಿ ಮಂಜು ಹರಕಲು,
ಇನ್ನೊಂದು ಮಗ್ಗುಲಲ್ಲಿ ಎಂದಿಗಿಂತ ದಪ್ಪ."

"ಅಲ್ಲಿಂದ ಇಲ್ಲಿಗೆ?"

"ಅದೂ ಉಂಟು. ಕಡಲು ಹೆಪ್ಪುಗಟ್ಟುವಾಗ ಉಪ್ಪು ಉಗುಳುತ್ತೆ.
ಆ ಭಾರದ ನೀರು ತಳ ಹಿಡಿದು
ಕತ್ತಲಲ್ಲಿ ತಡಕುತ್ತ ಈ ಕಡೆ ನಡೆಯುತ್ತೆ."
"ಯಾವಾಗ ಮುಟ್ಟುತ್ತೆ?"
"ನಿಮ್ಮ ಮೊಮ್ಮಗಳ ಮೊಮ್ಮಗಳು ತಕ್ಕಡಿ ಹಿಡಿಯೋ ಹೊತ್ತಿಗೆ."

"ಹಾಗಾದ್ರೆ ನನ್ನ ಬೂತಾಯಿ ಓಡಿಸಿದ್ದು ಆ ಮಂಜೇನು?"
ತಲೆ ಕೆರೆದುಕೊಂಡ.
"ಅಷ್ಟು ನೇರ ಪೈಪಿಲ್ಲ. ಜೋಡಣೆಯಂತೂ ಇದೆ.
ಯಾವ ವಾಲ್ವು ತಿರುಗಿದರೆ ಯಾವ ಗೇಜು ಏರುತ್ತೆ ಅಂತ
ಓದಿದವರೇ ಜಗಳಾಡ್ತಿದ್ರು ಊಟದ ಮೇಜಲ್ಲಿ.
ಅವತ್ತು ಸಾರು ಬಡಿಸೋ ಸರದಿ ನನ್ನದು."

ಆಮೇಲೆ, ಯಾರೂ ಕೇಳದಿದ್ದರೂ,
"ಜೂನ್ ಬಂದರೂ ಕೊಲ್ಲಿ ಕಟ್ಟಲಿಲ್ಲ ಅಕ್ಕ.
ಬರೀ ಕಪ್ಪು ನೀರು.
ರಾತ್ರಿಯೆಲ್ಲ ಅಲೆಯ ಸದ್ದು.
ಆ ಊರಲ್ಲಿ ಆ ತಿಂಗಳಲ್ಲಿ
ಕೇಳಬಾರದ ಸದ್ದು."

ಕರೆಂಟು ಹೋಯಿತು.
ಕಂಪ್ರೆಸರ್ ನಿಂತ ಮೌನದಲ್ಲಿ
ಎಲ್ಲಿಂದಲೋ ತೊಟ್ಟು, ತೊಟ್ಟು.
ನಾನು ಟಾರ್ಚು ಹುಡುಕುತ್ತಿದ್ದೆ.

"ಇವತ್ತು ಎರಡೇ ದಿಮ್ಮಿ ಬರ್ಕೊ," ಅಂದು ರಹಮತ್‌ಬಿ
ಹೊರಟವಳು ಮತ್ತೆ ತಿರುಗಿ ಬಂದಳು ಹಿಂಗೋಡೆಗೆ.
ಪುಷ್ಯದ ಚಳಿ, ಐಸು ಎತ್ತಿ ಮರಗಟ್ಟಿದ ಬೆರಳು.
ಇನ್ನೂ ಆರದ ಪೈಪಿನ ಹತ್ತಿರ ಎರಡೂ ಕೈ ಚಾಚಿ,
"ಈಗೇನೋ ಹಿತವಾಗೇ ಇದೆ," ಅಂದಳು.