ಐನೂರಾ ಐವತ್ತು

"ಐನೂರಾ ಐವತ್ತು" ಅಂತ ನಾ ಓದಿದ್ದ ತಡ,
"ಕೆಜಿಗೇನು?" ಅಂದ್ರು ಸಾವ್ಕಾರ್ರು,
ಚಷ್ಮಾ ಹಣಿಗೇರಿಸಿ.
ದರ ಅಲ್ಲರೀ.
ನಾವು ಬಿಟ್ಟ ಪತ್ರ ಹೊಳ್ಳಿ ಬಂದ ನಂಬರು.

ಗುರುವಾರದ ಟೆಂಡರು ಮುಗಿದು ಬ್ಯಾಡಗಿ ತುಂಬ ಘಾಟು.
ಫ್ಯಾನು ಹಚ್ಚಿದ್ರ ಸೀನು, ಆರಿಸಿದ್ರ ಬೆವರು.
ಕೀಬೋರ್ಡಿನ ಸಂದಿಗೊಂದು ಮೆಣಸಿನ ಬೀಜ,
ಎಂಟರ್ ಒತ್ತಿದಾಗೊಮ್ಮೆ ಕಟ್ ಅಂತೈತಿ.
ಡಬ್ಬಿ, ಕಡ್ಡಿ, ಎರಡರ ದರಪಟ್ಟಿ
ನಲವತ್ತೊಂದು ಮಂದಿಗೆ ಹೋಗಿತ್ತು.
ಹದಿನೇಳು ಬಾಗಿಲು ಬಡಿದು ಹೊಳ್ಳಿ ಬಂದಿದ್ವು.
ಅಕ್ಕನ ಬಾಣಂತನಕ್ಕ ನಾ ರಜಾ ಹಾಕಿದ ಎರಡು ವಾರ
ಅವನ್ನ ಯಾರೂ ತೆರೆದಿರಲಿಲ್ಲ.

ತೆರೆಯದನ ಸಾವ್ಕಾರ್ರಿಗೆ ಕಾರಣ ಗೊತ್ತಿತ್ತು:
"ಈರೋಡಿನ ಸೆಲ್ಲಮುತ್ತು ಮುನಿಸಿಕೊಂಡಾನ.
ಹೋದ ವರ್ಷ ಎರಡು ಚೀಲ ತೇವ ಇದ್ವಲ್ಲ,
ಅದನ್ನ ಹೊಟ್ಟಿಯೊಳಗ ಇಟ್ಟಾನ.
ಇನ್ನ ಅವಗ ಬರೀಬ್ಯಾಡ."

ಹೊಳ್ಳಿ ತಂದವನ ಹೆಸರು ಮೇಲರ್ ಡೀಮನ್.
ದೆವ್ವ ಅಲ್ಲ, ಟಪಾಲಿನ ಆಳು.
ಸಿಟ್ಟಿಲ್ಲ, ನಗಿ ಇಲ್ಲ, ಶರಣು ಇಲ್ಲ;
ಬಾಗಿಲದಾಗ ನಡೆದದ್ದಷ್ಟ ಹೇಳ್ತಾನ.
ಮಂದಿ ಅವನ ಮಾತು ಓದದ ಅಳಿಸ್ತಾರ.
ನನ್ನ ಅರ್ಧ ಇಂಗ್ಲಿಷು ಹಾನಗಲ್ಲಿನ ಕಾಲೇಜಿಂದು,
ಉಳಿದರ್ಧ ಇವನ್ದು.

ನಾಕರಿಂದ ಶುರುವಾದ್ರ ತಡೀಬೇಕು:
"ನಿನ್ನ ಗುರುತಿಲ್ಲ, ಚಾ ಕುಡದ ಬಾ" ಅಂದಂಗ.
ಎರಡನೇ ಸಲ ಬಂದವಗ ತೆರೆಯೋ ಮನಿ ಅವು.
ಐದರಿಂದ ಶುರುವಾದ್ರ
ಎಷ್ಟು ಸಲ ಹೋದ್ರೂ ಅಷ್ಟ,
ತಪ್ಪು ಎಲ್ಲೈತಿ ಹುಡುಕಬೇಕು.

ಹದಿನಾರರಾಗೂ ಒಂದ ಮಾತು,
ಐದು ಏಳು ಒಂದು:
ಬಂದವ ನಿಮ್ಮ ಹೆಸರು ಹೇಳ್ತಾನ,
ನಿಮ್ಮ ಪಟ್ಟಿಯೊಳಗ ಅವನ ಹೆಸರಿಲ್ಲ.

ಕಿಟಕಿ ತೆರೆದು ತೋರಿಸಿದೆ.
"ಗೇಟಿನ್ಯಾಗ ದಾವಲಸಾಬ ನಿಂತಾನಲ್ರಿ,
ತೋಳಿಗೆ ಹಿತ್ತಾಳಿ ಬಿಲ್ಲೆ, ನಂಬರು ಎಪ್ಪತ್ಮೂರು.
ಬಿಲ್ಲೆ ಇಲ್ಲದವ ನಮ್ಮ ಮಾರ್ಕಿನ ಚೀಲ ಹೊತ್ತು ಹೊಂಟ್ರ?"
"ಕಾಲು ಮುರೀತೀನಿ."
"ಅವರೂ ಅದನ್ನ ಮಾಡ್ಯಾರ.
ಅಗ್ಗ ಅಂತ ಅಳಿಯನ ಮಾತಿಗೆ ಸರ್ವರ್ ಬದಲಿಸಿದ್ರಿ,
ಹಮಾಲ ಹೊಸಬ, ಪಟ್ಟಿ ಹಳೇದು."

ಒಂದ ಸಾಲು.
ಡೊಮೇನಿನ ದಾಖಲೆಗೆ ಹೊಸಬನ ನಂಬರು.
ಒಂದು ಚುಕ್ಕಿ ತಪ್ಪಿದ್ರೂ ಎಲ್ಲಾ ತಪ್ಪು,
ನಾಕು ಸಲ ಓದಿದೆ.
ಊರೂರಿಗೆ ಸುದ್ದಿ ಮುಟ್ಟೋತನಕ
ಗಿರ್ಮಿಟ್ ತಿಂದ್ವಿ.
ಐದಕ್ಕ ಮತ್ತ ಬಿಟ್ಟೆ.

ಈರೋಡಿನ ಉತ್ತರ ಮೊದಲು ಬಂತು:
"ಎರಡು ವಾರ ದರಾನ ಇಲ್ಲ,
ನನ್ನಿಂದೇನರ ತಪ್ಪಾತೇನು?"
ಸಾವ್ಕಾರ್ರು ಎರಡು ಸಲ ಓದಿಸಿದ್ರು.
ಮೂರನೇದಕ್ಕ ಮೋತಿ ತಿರುವಿ ಸೀನಿದ್ರು.
ಬ್ಯಾಡಗಿಯೊಳಗ ಕಣ್ಣೊರಿಸಿಕೊಂಡ್ರ
ಯಾರೂ ಯಾಕಂತ ಕೇಳೂದಿಲ್ಲ.

ಹದಿನೇಳನೇದು ಉಳೀತು.
ಕೊಚ್ಚಿಯ ವರ್ಕಿ, ಬಣ್ಣ ನೋಡಿ ಕೊಳ್ಳಾವ.
ಆರು ವರ್ಷ ಅವನದೊಂದ ಸಾಲು:
"ಮುಟ್ಟಿತು. ಕೆಂಪು ಚಲೋ ಐತಿ."
ಬ್ಯಾಸಿಗಿಯೊಳಗ ಐನೂರಾ ಐವತ್ತೆರಡು ಬರ್ತಿತ್ತು,
ಪೆಟ್ಟಿಗಿ ತುಂಬೇತಿ ಅಂತ.
ನಮ್ಮ ದರಪಟ್ಟಿ ಒಂದರ ಮ್ಯಾಲೊಂದು ಬಿದ್ದಿದ್ವು,
ತೆಗೆಯೋ ಕೈ ಇರಲಿಲ್ಲ.
ಇವತ್ತು ಐದು ಒಂದು ಒಂದು:
ಇಂಥವರು ಇಲ್ಲಿ ಇಲ್ಲ.

ಅಕ್ಷರ ಅಕ್ಷರ ತಾಳಿ ನೋಡಿದೆ,
ತಪ್ಪು ನನ್ನದಾಗಲಿ ಅಂತ.
ಬರೋಬ್ಬರಿ ಇತ್ತು.
ಕೆಲಸ ಬಿಟ್ರೋ, ಊರ ಬಿಟ್ರೋ,
ಡೀಮನ್ ಹೇಳೂದಿಲ್ಲ, ಅದು ಅವನ ಕೆಲಸ ಅಲ್ಲ.
ಇಲ್ಲದ ವಿಳಾಸಕ್ಕ ಬಿಡಕೋತ ಹೋದ್ರ
ಇದ್ದವರೂ ನಮ್ಮನ್ನ ನಂಬೂದಿಲ್ಲ,
ಪಟ್ಟಿಯಿಂದ ತೆಗೀಬೇಕು.
ತೆಗೆದೆ. ನಲವತ್ತು.

ಹಳೇ ಬಿಲ್ಲಿನ ಮೂಲ್ಯಾಗ
ಪೆನ್ಸಿಲಿನ್ಯಾಗ ಬರೆದ ಫೋನ್ ನಂಬರು ಇತ್ತು.
ಹಚ್ಚೇನಿ.
ರಿಂಗ್ ಆಗಾಕತ್ತೈತಿ.
ಒಳಗಿಂದ ಸಾವ್ಕಾರ್ರು ಕೇಳಾಕತ್ತಾರ,
"ಸೆಲ್ಲಮುತ್ತುಗ ಏನಂತ ಬರಿಯೂಣು?"